ಸಹಿ ಹಾಕದಿರುವ ಅಧಿಕಾರ

ಹಾಸನ ಸೀಮೆಯ ಶೆಟ್ಟಿಹಳ್ಳಿ ಎಂದರೆ ಹೊರಗಿನವರಿಗೆ ನೆನಪಾಗುವುದು ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಹಳೆಯ ರೋಸರಿ ಚರ್ಚು. ಗೊರೂರು ಅಣೆಕಟ್ಟೆಯ ನೀರು ಆ ಚರ್ಚಿನ ಜೊತೆಗೆ ಸುತ್ತಲಿನ ಎಷ್ಟೋ ಊರುಗಳ ಹೊಲಗದ್ದೆಗಳನ್ನೂ ತೆಗೆದುಕೊಂಡಿತು. ಹಾಗೆ ಜಮೀನು ಕಳೆದುಕೊಂಡ ಮನೆತನಗಳಲ್ಲಿ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರದೂ ಒಂದು. ಮುಂದೆ 2003ರಲ್ಲಿ ಅವರೇ ಏರ್ ಡೆಕ್ಕನ್ ಕಟ್ಟಿ, ವಿಮಾನವನ್ನು ಆಕಾಶದಲ್ಲಿ ನೋಡಿ ಮಾತ್ರ ಗೊತ್ತಿದ್ದವರನ್ನು ಅದರೊಳಗೆ ಕೂರಿಸಿದರು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ನೆಲದಿಂದ 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದು ನಿಲ್ಲಿಸುವ ಕೆಲಸವನ್ನು ಅದು 1982ರಿಂದ ಮಾಡುತ್ತಿದೆ. ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2007ರಲ್ಲೇ ಶಂಕುಸ್ಥಾಪನೆಯಾಗಿದೆ. ಆಕಾಶದ ಕೆಲಸ ಈ ಜಿಲ್ಲೆಗೆ ಹೊಸತಲ್ಲ.

ಆದರೂ ನಮ್ಮ ಮಕ್ಕಳಿಗೆ ಪೈಲಟ್ ಗೊತ್ತು, ಗಗನಸಖಿ ಗೊತ್ತು, ಇಸ್ರೋ ವಿಜ್ಞಾನಿ ಗೊತ್ತು. ವಿಮಾನದೊಳಗಿನ ಎಲೆಕ್ಟ್ರಾನಿಕ್ಸ್ ನಂಬಿಕೆಗೆ ಅರ್ಹವೇ ಎಂದು ಸರ್ಕಾರದ ಪರವಾಗಿ ಪರೀಕ್ಷಿಸುವ ಅಧಿಕಾರಿ ಒಬ್ಬರಿದ್ದಾರೆ ಎಂಬುದು ಗೊತ್ತಿಲ್ಲ. ವಿಮಾನ ಹತ್ತುವ ನಾವು ಯಾರೂ ಅವರ ಮುಖ ನೋಡುವುದಿಲ್ಲ. ಅವರ ಕೆಲಸ ಏನು, ಅದು ಏಕೆ ಅಷ್ಟು ಮುಖ್ಯ ಎಂದು ಹೇಳುವುದಕ್ಕಾಗಿಯೇ ಈ ಬರಹ.

ವಿಮಾನದ ಎಲೆಕ್ಟ್ರಾನಿಕ್ಸನ್ನು ಹ್ಯಾಂಗರಿನಲ್ಲಿ ಏವಿಯಾನಿಕ್ಸ್ ಎನ್ನುತ್ತಾರೆ. ರೇಡಿಯೊ, ರಡಾರ್, ಎತ್ತರ ಮತ್ತು ವೇಗ ತೋರಿಸುವ ಉಪಕರಣಗಳು, ಆಟೊಪೈಲಟ್, ಎದುರಿನಿಂದ ಬರುವ ವಿಮಾನವನ್ನು ಗುರುತಿಸಿ ಎಚ್ಚರಿಸುವ ಯಂತ್ರ, ನೆಲ ಹತ್ತಿರವಾದರೆ ಕೂಗುವ ಯಂತ್ರ, ಕಪ್ಪುಪೆಟ್ಟಿಗೆ ಎಲ್ಲವೂ ಇದರಲ್ಲಿ ಸೇರುತ್ತವೆ. ಹಿಂದೆ ಪೈಲಟ್ ಕೋಲನ್ನು ಪಕ್ಕಕ್ಕೆ ವಾಲಿಸಿದರೆ ಉಕ್ಕಿನ ಹಗ್ಗ ರೆಕ್ಕೆಯ ಪಟ್ಟಿಯನ್ನು ಎಳೆಯುತ್ತಿತ್ತು. ಈಗಿನ ದೊಡ್ಡ ವಿಮಾನಗಳಲ್ಲಿ ಪೈಲಟ್ ಬಯಸಿದ್ದನ್ನು ಮೊದಲು ಕಂಪ್ಯೂಟರ್ ಓದುತ್ತದೆ, ಆಮೇಲೆ ರೆಕ್ಕೆಗೆ ಹೇಳುತ್ತದೆ. ಇದಕ್ಕೆ ಫ್ಲೈ-ಬೈ-ವೈರ್ ಎಂದು ಹೆಸರು. ಪ್ರಯಾಣಿಕರ ಜೀವ ಇಂಥ ವಿಮಾನದಲ್ಲಿ ಒಂದು ಪ್ರೋಗ್ರಾಮಿನ ಸರಿತಪ್ಪುಗಳ ಮೇಲೂ ನಿಂತಿರುತ್ತದೆ.

ಕರ್ನಾಟಕ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತಿದೆ. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. ಒಳಗಿದ್ದ 146 ಜನರಲ್ಲಿ 92 ಜನ ಸತ್ತರು. ಆ ವಿಮಾನ ದೇಶಕ್ಕೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಕೆಳಗಿಳಿಯುವಾಗ ವಿಮಾನದ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್ನುಗಳನ್ನು ಐಡಲ್‌ನಲ್ಲೇ ಇಟ್ಟಿತ್ತು, ವೇಗ ಕುಸಿಯುತ್ತ ಹೋಯಿತು, ಎತ್ತರವನ್ನು ಯಂತ್ರ ಗಟ್ಟಿಯಾಗಿ ಹೇಳುತ್ತಿದ್ದರೂ ಅಪಾಯ ಪೈಲಟ್‌ಗಳ ಅರಿವಿಗೆ ಬಂದದ್ದು ತಡವಾಗಿ. ಯಂತ್ರ ಯಾವ ಸ್ಥಿತಿಯಲ್ಲಿದೆ ಎಂಬುದು ಅದನ್ನು ನಡೆಸುವವರಿಗೆ ತಕ್ಷಣ ತಿಳಿಯದಿದ್ದರೆ, ಕೆಟ್ಟುಹೋಗದ ಯಂತ್ರವೂ ಜನರನ್ನು ಸಾವಿಗೆ ಒಯ್ಯಬಲ್ಲದು. ದುರಂತದ ನಂತರ ಸರ್ಕಾರ ಆ ಮಾದರಿಯ ವಿಮಾನಗಳನ್ನೆಲ್ಲ ತಿಂಗಳುಗಟ್ಟಲೆ ನೆಲದಲ್ಲೇ ನಿಲ್ಲಿಸಿತು.

ಹೀಗೆ ನಿಲ್ಲಿಸುವ ಅಧಿಕಾರವಿರುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ಕೈಯಲ್ಲಿ. ಬೆಂಗಳೂರಿನಲ್ಲೂ ಅದರ ಪ್ರಾದೇಶಿಕ ಕಚೇರಿಯಿದೆ. ವಿಮಾನ ಹಾರಾಟಕ್ಕೆ ಯೋಗ್ಯವೇ ಎಂದು ನೋಡುವವರು ಅಲ್ಲಿನ ಏರ್‌ವರ್ದಿನೆಸ್ ಆಫೀಸರ್‌ಗಳು. ಸೇನೆಯ ವಿಮಾನಗಳಿಗೆ ಬೇರೆ ಏರ್ಪಾಡು. ವಿನ್ಯಾಸವನ್ನು ಪರಿಶೀಲಿಸಿ ಪ್ರಮಾಣೀಕರಿಸುವುದು ಡಿಆರ್‌ಡಿಒಗೆ ಸೇರಿದ, ಬೆಂಗಳೂರಿನ ಮಾರತಹಳ್ಳಿಯಲ್ಲಿರುವ ಸೆಮಿಲ್ಯಾಕ್. ತಯಾರಿಕೆಯ ಗುಣಮಟ್ಟ ನೋಡುವುದು ರಕ್ಷಣಾ ಸಚಿವಾಲಯದ ಡಿಜಿಎಕ್ಯೂಎ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ತೇಜಸ್ ತನ್ನಷ್ಟಕ್ಕೆ ಸ್ಥಿರವಾಗಿ ಹಾರಲಾರದ ವಿನ್ಯಾಸದ್ದು. ನಾಲ್ಕು ಪದರದ ಡಿಜಿಟಲ್ ಕಂಪ್ಯೂಟರ್ ವ್ಯವಸ್ಥೆ ಪ್ರತಿ ಕ್ಷಣವೂ ತಿದ್ದಿದರೆ ಮಾತ್ರ ಅದು ಗಾಳಿಯಲ್ಲಿ ನಿಲ್ಲುತ್ತದೆ. ಅಂಥ ವಿಮಾನವನ್ನು ಹಾರಲು ಬಿಡುವ ಮುನ್ನ ಕಂಪ್ಯೂಟರಿನ ಒಂದೊಂದು ನಿರ್ಧಾರಕ್ಕೂ ಪುರಾವೆ ಕೇಳಿದವರ ಶ್ರಮ ಎಷ್ಟಿದ್ದೀತು ಎಂದು ಊಹಿಸಬಹುದು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ವಿಮಾನವನ್ನು ರಿಪೇರಿ ಮಾಡಿ, ಸರಿಯಾಗಿದೆ ಎಂದು ರಿಲೀಸ್ ಪತ್ರಕ್ಕೆ ಸಹಿ ಹಾಕುವವರು ವಿಮಾನ ಸಂಸ್ಥೆಯಲ್ಲಿರುವ, ಲೈಸೆನ್ಸ್ ಪಡೆದ ಎಂಜಿನಿಯರ್. ಮೆಕ್ಯಾನಿಕಲ್ ಕಡೆಯವರದು ಬಿ-1 ಲೈಸೆನ್ಸ್, ಏವಿಯಾನಿಕ್ಸ್ ಕಡೆಯವರದು ಬಿ-2. ಸರ್ಕಾರಿ ತಪಾಸಣಾಧಿಕಾರಿ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ಆ ಎಂಜಿನಿಯರ್ ತರಬೇತಿ ಪಡೆದಿದ್ದಾರೆಯೇ, ಅವರ ಕೈಲಿರುವ ಮೀಟರಿನ ಕ್ಯಾಲಿಬ್ರೇಷನ್ ಅವಧಿ ಮುಗಿದಿಲ್ಲವೇ, ನೋಡುತ್ತಿರುವ ಮ್ಯಾನ್ಯುಯಲ್ ಇತ್ತೀಚಿನದೇ, ಹಾಕಿದ ಬಿಡಿಭಾಗಕ್ಕೆ ಮೂಲದ ಕಾಗದವಿದೆಯೇ, ರಾತ್ರಿ ಮೂರು ಗಂಟೆಗೆ ಅವಸರದಲ್ಲಿ ಯಾರಾದರೂ ಒಂದು ಹಂತವನ್ನು ಹಾರಿಸಿಬಿಟ್ಟಿದ್ದಾರೆಯೇ ಎಂದು ನೋಡುತ್ತಾರೆ. ರಾತ್ರಿ ತಪಾಸಣೆ, ಮುನ್ಸೂಚನೆಯಿಲ್ಲದ ಸ್ಪಾಟ್ ಚೆಕ್, ವಿಮಾನ ನಿಂತಲ್ಲೇ ಮಾಡುವ ರ‍್ಯಾಂಪ್ ತಪಾಸಣೆ ಇವೆಲ್ಲ ಇರುವುದು ಅದಕ್ಕೇ. ಸಿಕ್ಕ ತಪ್ಪಿಗೆ ಫೈಂಡಿಂಗ್ ಎನ್ನುತ್ತಾರೆ. ಲೆವೆಲ್ 1 ಎಂದರೆ ತಕ್ಷಣ ಕ್ರಮ ಆಗಲೇಬೇಕು. ಲೆವೆಲ್ 2ಕ್ಕೆ ಸರಿಪಡಿಸಲು ಕಾಲಾವಕಾಶವಿರುತ್ತದೆ.

ತಪಾಸಣೆ ಸಾಮಾನ್ಯವಾಗಿ ಶುರುವಾಗುವುದು ಟೆಕ್ನಿಕಲ್ ಲಾಗ್ ಪುಸ್ತಕದಿಂದ. ಪೈಲಟ್ ಬರೆದ ದೂರಿಗೆ ಹ್ಯಾಂಗರಿನ ಮಾತಿನಲ್ಲಿ ಸ್ನ್ಯಾಗ್ ಎಂದು ಹೆಸರು. ಏವಿಯಾನಿಕ್ಸ್ ಸ್ನ್ಯಾಗ್‌ಗಳ ಸ್ವಭಾವ ವಿಚಿತ್ರ. ಗಾಳಿಯಲ್ಲಿ, ಚಳಿಯಲ್ಲಿ, ನಡುಕದಲ್ಲಿ ಕಾಣಿಸಿಕೊಂಡ ದೋಷ ನೆಲಕ್ಕಿಳಿದ ಮೇಲೆ ಮಾಯವಾಗಿರುತ್ತದೆ. ಪೆಟ್ಟಿಗೆಯನ್ನು ಒಮ್ಮೆ ಹೊರಗೆಳೆದು ಮತ್ತೆ ಕೂರಿಸಿ, ಪರೀಕ್ಷೆ ಮಾಡಿ, ದೋಷ ಕಾಣಲಿಲ್ಲ ಎಂದು ಬರೆದು ವಿಮಾನ ಬಿಡುತ್ತಾರೆ. ಒಂದು ಸಲ ಹಾಗಾದರೆ ಸರಿ. ಅದೇ ದೂರು ಒಂದೇ ವಿಮಾನದ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಪೆಟ್ಟಿಗೆಯನ್ನು ಬಿಟ್ಟು ಅದಕ್ಕೆ ಹೋಗುವ ತಂತಿ, ಕನೆಕ್ಟರು, ಅರ್ಥಿಂಗ್ ನೋಡಬೇಕಿತ್ತು ಎಂದು ಅರ್ಥ. ಒಳ್ಳೆಯ ತಪಾಸಣಾಧಿಕಾರಿಯ ಕಣ್ಣು ಹುಡುಕುವುದು ಈ ಮರುಕಳಿಕೆಯನ್ನು.

ಎಲ್ಲ ಉಪಕರಣವೂ ಸರಿಯಿದ್ದರೆ ಮಾತ್ರ ಹಾರಬೇಕೆಂಬ ನಿಯಮವಿಲ್ಲ. ಒಂದು ಪೂರಕ ಉಪಕರಣ ಕೆಟ್ಟರೂ ಉಳಿದವು ಸಾಕು ಎನಿಸಿದರೆ ಹಾರಬಹುದು. ಅದಕ್ಕೆ ಎಂಇಎಲ್ ಎಂಬ ಪಟ್ಟಿಯಿದೆ. ಬಿ ವರ್ಗದ ದೋಷವನ್ನು 3 ದಿನದಲ್ಲಿ, ಸಿ ವರ್ಗದ್ದನ್ನು 10 ದಿನದಲ್ಲಿ, ಡಿ ವರ್ಗದ್ದನ್ನು 120 ದಿನದಲ್ಲಿ ಸರಿಪಡಿಸಬೇಕು. ಎ ವರ್ಗಕ್ಕೆ ಪಟ್ಟಿಯಲ್ಲೇ ಪ್ರತ್ಯೇಕವಾಗಿ ಗಡುವು ಬರೆದಿರುತ್ತದೆ. ವೇಳಾಪಟ್ಟಿಯ ಒತ್ತಡದಲ್ಲಿ ಈ ದಿನಗಳನ್ನು ಹಿಗ್ಗಿಸುವ ಆಸೆ ಯಾವ ಸಂಸ್ಥೆಗಾದರೂ ಬರುವಂಥದ್ದು. ಹನ್ನೊಂದನೆಯ ದಿನ ವಿಮಾನ ಹಾರಲಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕಾದವರು ತಪಾಸಣಾಧಿಕಾರಿ.

ಇನ್ನೊಂದು ಉದಾಹರಣೆ ಎತ್ತರಮಾಪಕ. 29 ಸಾವಿರದಿಂದ 41 ಸಾವಿರ ಅಡಿವರೆಗಿನ ಆಕಾಶದಲ್ಲಿ ಎದುರುಬದುರಾಗಿ ಹೋಗುವ ವಿಮಾನಗಳ ನಡುವೆ ಮೊದಲು 2 ಸಾವಿರ ಅಡಿ ಅಂತರ ಇರುತ್ತಿತ್ತು. 2003ರ ನವೆಂಬರಿನಿಂದ ನಮ್ಮ ದೇಶದಲ್ಲೂ ಅದು 1 ಸಾವಿರ ಅಡಿಗೆ ಇಳಿದಿದೆ. ಉಪಕರಣ ತೋರಿಸುವ ಎತ್ತರ ನಿಜವಾಗಿರುತ್ತದೆ ಎಂಬ ಭರವಸೆಯ ಮೇಲೆ ಈ ಬದಲಾವಣೆ ನಿಂತಿದೆ. ವಿಮಾನದ ಮೈಮೇಲಿನ ಸಣ್ಣ ರಂಧ್ರಗಳ ಮೂಲಕ ಗಾಳಿಯ ಒತ್ತಡ ಅಳೆದು ಎತ್ತರ ತಿಳಿಯುತ್ತಾರೆ. ಆ ಕೊಳವೆಯಲ್ಲಿ ಕಣ್ಣಿಗೆ ಕಾಣದ ಸೋರಿಕೆಯಿದ್ದರೂ ಲೆಕ್ಕ ತಪ್ಪುತ್ತದೆ. ಸೋರಿಕೆ ಪರೀಕ್ಷೆ ಮಾಡಿದ ದಿನಾಂಕ, ಒತ್ತಡದ ಅಂಕಿ, ಮಾಡಿದವರ ಹೆಸರು ಕಾಗದದಲ್ಲಿ ಇರಲೇಬೇಕು.

ಅಂಕಿ ಇಲ್ಲದ ಕಾಗದ ಏನು ಮಾಡಬಲ್ಲದು ಎಂಬುದನ್ನು 2018 ಕಲಿಸಿತು. ಆ ವರ್ಷದ ಅಕ್ಟೋಬರ್ 29ರಂದು ಇಂಡೊನೇಷ್ಯಾದ ಲಯನ್ ಏರ್‌ನ ಬೋಯಿಂಗ್ 737 ಮ್ಯಾಕ್ಸ್ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಗಾಳಿಗೆ ವಿಮಾನದ ಮೂಗು ಎಷ್ಟು ಕೋನದಲ್ಲಿದೆ ಎಂದು ಅಳೆಯುವ ಒಂದು ಸೆನ್ಸರನ್ನು ಅಪಘಾತಕ್ಕೆ ಸ್ವಲ್ಪ ಮೊದಲು ಬದಲಾಯಿಸಿದ್ದರು. ಹೊಸದಾಗಿ ಹಾಕಿದ ಸೆನ್ಸರು ಅಮೆರಿಕದ ಒಂದು ರಿಪೇರಿ ಕೇಂದ್ರದಿಂದ ಬಂದದ್ದು, 21 ಡಿಗ್ರಿಯಷ್ಟು ತಪ್ಪು ತೋರಿಸುತ್ತಿತ್ತು. ಅಲ್ಲಿ ತಪ್ಪು ಸಿಗಲಿಲ್ಲ. ವಿಮಾನಕ್ಕೆ ಕೂರಿಸಿದ ಮೇಲೆ ಮಾಡಬೇಕಾದ ಪರೀಕ್ಷೆಯ ಫಲಿತಾಂಶ ದಾಖಲೆಯಲ್ಲಿ ಇರಲಿಲ್ಲ. ವಿಮಾನದ ಎಂಕ್ಯಾಸ್ ಎಂಬ ಪ್ರೋಗ್ರಾಮು ಆ ಒಂದೇ ಸೆನ್ಸರಿನ ಮಾತು ನಂಬಿ ಮೂಗನ್ನು ಮತ್ತೆ ಮತ್ತೆ ಕೆಳಗೆ ತಳ್ಳಿತು. ಮುಂದಿನ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ ಅದೇ ಮಾದರಿಯ ವಿಮಾನ ಬಿದ್ದು ಮತ್ತೆ 157 ಜನ ಹೋದರು. ವಿಚಾರಣೆಗಳಲ್ಲಿ ಹೊರಬಂದ ಇನ್ನೊಂದು ಸತ್ಯವೆಂದರೆ, ಪ್ರಮಾಣೀಕರಣದ ಕೆಲಸದ ದೊಡ್ಡ ಪಾಲನ್ನು ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಎಎ ತಯಾರಕ ಸಂಸ್ಥೆಯ ಸಿಬ್ಬಂದಿಗೇ ವಹಿಸಿಕೊಟ್ಟಿತ್ತು. ಮಾಡಿದವರೇ ತಮ್ಮ ಕೆಲಸಕ್ಕೆ ತೀರ್ಪು ಕೊಡುವ ಏರ್ಪಾಡು ಜಗತ್ತಿನ ಅತಿ ಶ್ರೀಮಂತ ದೇಶದಲ್ಲೂ ನಿಲ್ಲಲಿಲ್ಲ.

ಹೊಸ ಪೆಟ್ಟಿಗೆಯನ್ನು ವಿಮಾನಕ್ಕೆ ಒಪ್ಪಿಕೊಳ್ಳುವ ಮುನ್ನ ನಡೆಯುವ ಪರೀಕ್ಷೆಗಳು ಕಠಿಣ. ಸುಡುವ ಬಿಸಿ, ಕೊರೆಯುವ ಚಳಿ, ತೇವ, ಕಂಪನ, ಸಿಡಿಲಿನ ಆಘಾತ, ಪಕ್ಕದ ಯಂತ್ರದ ರೇಡಿಯೊ ಅಲೆಗಳ ಉಪಟಳ ಎಲ್ಲವನ್ನೂ ಅದು ತಾಳಬೇಕು. ಸಾಫ್ಟ್‌ವೇರನ್ನು ಎ ಇಂದ ಇ ವರೆಗೆ ಐದು ಮಟ್ಟಗಳಲ್ಲಿ ವಿಂಗಡಿಸುತ್ತಾರೆ. ಎಡವಿದರೆ ವಿಮಾನವೇ ಹೋಗುತ್ತದೆ ಎನ್ನುವಂಥದ್ದು ಎ ಮಟ್ಟ. ಅಂಥ ವಿನಾಶಕಾರಿ ವೈಫಲ್ಯದ ಸಾಧ್ಯತೆ ನೂರು ಕೋಟಿ ಹಾರಾಟ ಗಂಟೆಗಳಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು ಎಂಬುದು ಅಳತೆಗೋಲು. ನೂರು ಕೋಟಿ ಗಂಟೆ ಹಾರಿಸಿ ನೋಡಲು ಯಾರಿಂದಲೂ ಆಗದು. ಆದ್ದರಿಂದ ಪ್ರತಿಯೊಂದು ಅಗತ್ಯವನ್ನೂ ಹೇಗೆ ಬರೆದರು, ಕೋಡಿನ ಯಾವ ಸಾಲು ಯಾವ ಅಗತ್ಯಕ್ಕಾಗಿ ಇದೆ, ಪ್ರತಿ ಕವಲನ್ನೂ ಪರೀಕ್ಷಿಸಿದರೇ, ಬರೆದವರೇ ಪರೀಕ್ಷಿಸಿದರೇ ಅಥವಾ ಬೇರೆಯವರೇ ಎಂದು ಕೇಳುತ್ತ ಹೋಗಬೇಕು. ಎಲೆಕ್ಟ್ರಾನಿಕ್ಸಿನ ಸುರಕ್ಷತೆಯನ್ನು ಪೆಟ್ಟಿಗೆ ತಟ್ಟಿ ತಿಳಿಯುವ ಕಾಲ ಮುಗಿದಿದೆ. ಅದನ್ನು ಮಾಡಿದ ರೀತಿಯನ್ನೇ ತಪಾಸಣೆ ಮಾಡಬೇಕಾದ ಕಾಲ ಇದು.

ಇಷ್ಟೆಲ್ಲ ಆದರೂ ಅನಿರೀಕ್ಷಿತ ಬರುತ್ತದೆ. 2025ರ ಅಕ್ಟೋಬರ್ 30ರಂದು ಅಮೆರಿಕದ ಒಂದು ಎ-320 ವಿಮಾನ ಹಾರುತ್ತಿದ್ದಾಗಲೇ ಹಠಾತ್ತನೆ ಮೂಗು ತಗ್ಗಿಸಿತು. ರೆಕ್ಕೆ ಮತ್ತು ಬಾಲದ ಪಟ್ಟಿಗಳನ್ನು ನಿಯಂತ್ರಿಸುವ ಕಂಪ್ಯೂಟರಿನ ದತ್ತಾಂಶವನ್ನು ತೀವ್ರ ಸೌರ ವಿಕಿರಣ ಕೆಡಿಸಬಲ್ಲದು ಎಂದು ಏರ್‌ಬಸ್ ನವೆಂಬರ್ ಕೊನೆಗೆ ಪ್ರಕಟಿಸಿತು. ಜಗತ್ತಿನ ಸುಮಾರು 6 ಸಾವಿರ ವಿಮಾನಗಳಿಗೆ, ಭಾರತದಲ್ಲಿ 338 ವಿಮಾನಗಳಿಗೆ ಇದು ಅನ್ವಯಿಸಿತು. ಸರಿಪಡಿಸದೆ ಹಾರುವಂತಿಲ್ಲ ಎಂದು ಡಿಜಿಸಿಎ ಆದೇಶಿಸಿತು. ಹೆಚ್ಚಿನವಕ್ಕೆ ಬೇಕಿದ್ದುದು ಹಳೆಯ ಸಾಫ್ಟ್‌ವೇರಿಗೆ ಮರಳುವ ಕೆಲವು ಗಂಟೆಗಳ ಕೆಲಸ. ಹಗಲುರಾತ್ರಿ ದುಡಿದು ಕೆಲವೇ ದಿನಗಳಲ್ಲಿ ಮುಗಿಸಿದರು. ಈ ಒಂದು ಘಟನೆಯಲ್ಲಿ ವ್ಯವಸ್ಥೆ ಕೆಲಸ ಮಾಡಬೇಕಾದ ರೀತಿಯಲ್ಲೇ ಮಾಡಿತು. ದೋಷ ತಿಳಿಯಿತು, ಕಡ್ಡಾಯ ಆದೇಶ ಬಂತು, ಯಾವ ವಿಮಾನದಲ್ಲಿ ಯಾವ ಆವೃತ್ತಿಯ ಸಾಫ್ಟ್‌ವೇರ್ ಇದೆ ಎಂಬ ದಾಖಲೆ ಕೈಯಲ್ಲಿತ್ತು.

ಕಡ್ಡಾಯ ಎಂಬ ಒಂದು ಪದಕ್ಕೆ ಎಷ್ಟು ತೂಕವಿದೆ ಎಂದು ನೋಡಲು ಅಹಮದಾಬಾದಿಗೆ ಹೋಗಬೇಕು. 2025ರ ಜೂನ್ 12ರ ಏರ್ ಇಂಡಿಯಾ ದುರಂತದಲ್ಲಿ ನೆಲದ ಮೇಲಿದ್ದವರೂ ಸೇರಿ 260 ಜನ ಜೀವ ಕಳೆದುಕೊಂಡರು. ಇಂಧನ ಸ್ವಿಚ್ಚಿನ ಲಾಕ್ ಕುರಿತು ಎಫ್‌ಎಎ 2018ರಲ್ಲಿ ಒಂದು ಮಾಹಿತಿಪತ್ರ ಹೊರಡಿಸಿತ್ತು. ಅದು ಸಲಹೆಯಾಗಿತ್ತೇ ಹೊರತು ಕಡ್ಡಾಯವಾಗಿರಲಿಲ್ಲ, ಆದ್ದರಿಂದ ಆ ತಪಾಸಣೆ ನಡೆದಿರಲಿಲ್ಲ ಎಂದು ಪ್ರಾಥಮಿಕ ವರದಿಯಲ್ಲಿದೆ. ಅಪಘಾತಕ್ಕೆ ಅದೇ ಕಾರಣವೆಂದು ವರದಿ ಹೇಳಿಲ್ಲ, ನಾವೂ ಹೇಳಕೂಡದು. ಆದರೆ ವರದಿ ಬಂದ ಬೆನ್ನಿಗೇ ಆ ಸ್ವಿಚ್ಚುಗಳನ್ನು ಜುಲೈ 21ರೊಳಗೆ ಪರೀಕ್ಷಿಸಬೇಕೆಂದು ಡಿಜಿಸಿಎ ಆದೇಶಿಸಿತು. ಬರುವ ನೂರಾರು ಸಲಹೆಗಳಲ್ಲಿ ಯಾವುದನ್ನು ಆದೇಶವಾಗಿಸಬೇಕು ಎಂದು ಮೊದಲೇ ನಿರ್ಧರಿಸುವ ತಿಳಿವಳಿಕೆಯೂ ತಪಾಸಣಾ ವ್ಯವಸ್ಥೆಯಲ್ಲಿ ಇರಬೇಕು.

ಒಳ್ಳೆಯ ನಿಯಮಗಳು ಬಹುಪಾಲು ಸಾವಿನ ನಂತರ ಬಂದಿವೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತ ಮೇಲೆಯೇ ಡಿಕ್ಕಿ ತಡೆಯುವ ಉಪಕರಣವನ್ನು ಭಾರತ ಕಡ್ಡಾಯ ಮಾಡಿತು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ಪಡೆದ ದುರಂತದಲ್ಲಿ ನೆಲದ ಎಚ್ಚರಿಕೆಯ ಯಂತ್ರ ಪದೇ ಪದೇ ಕೂಗಿತ್ತು, ಸಹಪೈಲಟ್ ಇಳಿಸುವುದು ಬೇಡ ಎಂದಿದ್ದರು. ಅದು ನಮಗೆ ತಿಳಿದದ್ದು ಧ್ವನಿಮುದ್ರಕ ಕೆಲಸ ಮಾಡುತ್ತಿದ್ದುದರಿಂದ. ಆ ಮುದ್ರಕದ ನಿಯತ ಪರೀಕ್ಷೆಯ ಕಾಗದವನ್ನು ಯಾರೋ ಒಬ್ಬರು ಶ್ರದ್ಧೆಯಿಂದ ನೋಡಿದರೆ ಮಾತ್ರ ಮುಂದಿನ ಪ್ರಯಾಣಿಕರಿಗೆ ಹಿಂದಿನ ಸಾವುಗಳ ಪಾಠ ಸಿಗುತ್ತದೆ.

ಹಾಸನದ ಉಪಗ್ರಹ ಕೇಂದ್ರಕ್ಕೂ ಈ ಕೆಲಸಕ್ಕೂ ನೇರ ಸಂಬಂಧವಿದೆ. ಜಿಪಿಎಸ್ ಒಂದನ್ನೇ ನಂಬಿ ವಿಮಾನ ಇಳಿಸಲಾಗದು. ಅದರಲ್ಲೂ ಭಾರತದ ಮೇಲಿನ ಅಯಾನುಗೋಳ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಸಂಕೇತಗಳನ್ನು ಹೆಚ್ಚು ಕದಡುತ್ತದೆ. ಇದನ್ನು ತಿದ್ದಲು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಗಗನ್ ಎಂಬ ವ್ಯವಸ್ಥೆ ಕಟ್ಟಿದವು. ದೇಶದ 15 ಕಡೆ ಇರುವ ನೆಲಕೇಂದ್ರಗಳು ಜಿಪಿಎಸ್‌ನ ತಪ್ಪನ್ನು ಅಳೆಯುತ್ತವೆ, ಬೆಂಗಳೂರಿನಲ್ಲಿ ಲೆಕ್ಕ ಹಾಕುತ್ತಾರೆ, ಜಿಸ್ಯಾಟ್-8, 10, 15 ಉಪಗ್ರಹಗಳು ಆ ತಿದ್ದುಪಡಿಯನ್ನು ವಿಮಾನಗಳಿಗೆ ಬಿತ್ತರಿಸುವಂತೆ ಯೋಜಿಸಿದ್ದಾರೆ. ಆ ಉಪಗ್ರಹಗಳನ್ನು ನೋಡಿಕೊಳ್ಳುವುದು ಹಾಸನ. ಸಂಕೇತ ನಂಬಲರ್ಹವಲ್ಲದಾಗ ಅದನ್ನು ಕೆಲವೇ ಸೆಕೆಂಡುಗಳಲ್ಲಿ ಪೈಲಟ್‌ಗೆ ಹೇಳುವುದು ಇದರ ಜೀವಾಳ. ಡಿಜಿಸಿಎ 2013ರ ಡಿಸೆಂಬರಿನಲ್ಲಿ ಒಂದು ಹಂತಕ್ಕೆ, 2015ರ ಏಪ್ರಿಲಿನಲ್ಲಿ ರನ್‌ವೇ ಕಡೆಗೆ ಇಳಿಯುವ ಹಂತಕ್ಕೆ ಇದನ್ನು ಪ್ರಮಾಣೀಕರಿಸಿತು. 2022ರ ಏಪ್ರಿಲಿನಲ್ಲಿ ಇಂಡಿಗೊದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು. ನೆಲದ ಮೇಲೆ ದುಬಾರಿ ಉಪಕರಣಗಳಿಲ್ಲದ ಸಣ್ಣ ನಿಲ್ದಾಣಗಳಿಗೆ, ಹಾಸನದಂಥ ಊರುಗಳಿಗೆ, ಇದು ದೊಡ್ಡ ವರ. ಆದರೆ ಸುಳ್ಳು ಜಿಪಿಎಸ್ ಸಂಕೇತ ಕಳಿಸಿ ವಿಮಾನದ ದಾರಿ ತಪ್ಪಿಸುವ ಉಪಟಳ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. 2025ರ ನವೆಂಬರಿನಲ್ಲಿ ದೆಹಲಿಯ ಸುತ್ತಲೂ ಅದು ಕಾಣಿಸಿಕೊಂಡಿತು. ವಿಮಾನದೊಳಗಿನ ಉಪಕರಣ ಮೋಸವನ್ನು ಗುರುತಿಸುತ್ತದೆಯೇ ಎಂದು ಕೇಳುವುದು ಈಗ ತಪಾಸಣೆಯ ಹೊಸ ಅಧ್ಯಾಯ.

ಇಷ್ಟು ಹೊಣೆ ಹೊತ್ತ ಕೆಲಸಕ್ಕೆ ನಾವು ಎಷ್ಟು ಜನರನ್ನು ಇಟ್ಟಿದ್ದೇವೆ? 2014ರ ಜನವರಿಯಲ್ಲಿ ಅಮೆರಿಕ ಭಾರತದ ವಿಮಾನ ಸುರಕ್ಷತಾ ಮೇಲ್ವಿಚಾರಣೆಯನ್ನು ಎರಡನೇ ದರ್ಜೆಗೆ ಇಳಿಸಿತು. ತರಬೇತಾದ ತಪಾಸಕರು ಸಾಕಷ್ಟಿಲ್ಲ ಎಂಬುದು ಮುಖ್ಯ ಆಕ್ಷೇಪಗಳಲ್ಲೊಂದು. ನೇಮಕಾತಿ ಮಾಡಿ, ತಿದ್ದಿಕೊಂಡು, 2015ರ ಏಪ್ರಿಲಿನಲ್ಲಿ ಮತ್ತೆ ಮೊದಲ ದರ್ಜೆ ಪಡೆದೆವು. ಹತ್ತು ವರ್ಷ ಕಳೆದ ಮೇಲೆ, 2025ರಲ್ಲಿ, ಸಂಸದೀಯ ಸಮಿತಿಯ ವರದಿ ನೋಡಿದರೆ ಡಿಜಿಸಿಎಯ 1063 ಮಂಜೂರಾದ ಹುದ್ದೆಗಳಲ್ಲಿ ಭರ್ತಿಯಾದದ್ದು 553. ವಿಮಾನಗಳ ಸಂಖ್ಯೆ ವರ್ಷ ವರ್ಷ ಏರುತ್ತಿರುವಾಗ ನೋಡುವ ಕಣ್ಣು ಅರ್ಧದಷ್ಟು ಮಾತ್ರ. ಅಧಿಕಾರಿಯ ಮೇಜಿನ ಮೇಲೆ ಕಡತ ರಾಶಿ ಬಿದ್ದಾಗ ಅವರು ಸೋಮಾರಿಯಾಗಬೇಕಿಲ್ಲ, ಪ್ರಾಮಾಣಿಕರಾಗಿದ್ದರೂ ಸಾಕು, ಒಂದು ಮರುಕಳಿಕೆ ಕಣ್ಣು ತಪ್ಪುತ್ತದೆ. ಅನುಭವವಿರುವ ಏವಿಯಾನಿಕ್ಸ್ ಎಂಜಿನಿಯರಿಗೆ ವಿಮಾನ ಸಂಸ್ಥೆಗಳು ಕೊಡುವ ಸಂಬಳದ ಹತ್ತಿರಕ್ಕಾದರೂ ಸರ್ಕಾರದ ಸಂಬಳ ಬರಬೇಕು. ಇಲ್ಲದಿದ್ದರೆ ತಪಾಸಣೆಗೆ ಒಳಗಾಗುವವರು ಯಾವಾಗಲೂ ತಪಾಸಕರಿಗಿಂತ ಹೆಚ್ಚು ತಿಳಿದವರಾಗಿರುತ್ತಾರೆ.

ಈ ಮಾತನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳಬೇಕು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಎಂಜಿನಿಯರುಗಳನ್ನು ಹೊರತರುತ್ತಿದೆ. ಎಲೆಕ್ಟ್ರಾನಿಕ್ಸ್ ಓದಿದವರೆಲ್ಲ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳತ್ತ ನೋಡುತ್ತಾರೆ. ಏರ್‌ವರ್ದಿನೆಸ್ ಆಫೀಸರ್ ಹುದ್ದೆಗೆ ಯುಪಿಎಸ್‌ಸಿ ಅರ್ಜಿ ಕರೆಯುತ್ತದೆ. ಎಂಜಿನಿಯರಿಂಗ್ ಪದವಿಯೊಂದಿಗೆ ವಿಮಾನ ಕ್ಷೇತ್ರದಲ್ಲಿ ಕೆಲವು ವರ್ಷದ ಅನುಭವ ಬೇಕು. ಅದು ಬಿ-2 ಲೈಸೆನ್ಸಿನ ದಾರಿಯಲ್ಲಿ ಸಿಗಬಹುದು, ಎಚ್‌ಎಎಲ್‌ನಂಥ ಕಡೆ ಸಿಗಬಹುದು. ಕಾಲೇಜುಗಳು ಮಕ್ಕಳಿಗೆ ಸರ್ಕಿಟ್ ಬಿಡಿಸಲು ಕಲಿಸುವ ಜೊತೆಗೆ, ಒಂದು ಸರ್ಕಿಟ್ ಸುರಕ್ಷಿತ ಎಂದು ಪುರಾವೆ ಸಮೇತ ಸಾಬೀತು ಮಾಡುವುದನ್ನೂ, ಬೇರೆಯವರ ಪುರಾವೆಯಲ್ಲಿ ಬಿರುಕು ಹುಡುಕುವುದನ್ನೂ ಕಲಿಸಬೇಕು. ಆ ಗುಣವಿಲ್ಲದೆ ಈ ಕೆಲಸ ಯಾರಿಗೂ ಒಗ್ಗದು.

ತಪಾಸಣಾಧಿಕಾರಿಯ ನಿಜವಾದ ಬಲ ಸರ್ಕಾರದ ಒಪ್ಪಿಗೆಗೆ ಸಹಿ ಹಾಕುವುದರಲ್ಲಿಲ್ಲ. ಪುರಾವೆ ಸಾಲದು ಎನಿಸಿದಾಗ ಸಹಿ ಹಾಕದೆ ಕೂರುವುದರಲ್ಲಿದೆ. ಆಗ ವಿಮಾನ ತಡವಾಗುತ್ತದೆ, ಪ್ರಯಾಣಿಕರು ಕೂಗಾಡುತ್ತಾರೆ, ಸಂಸ್ಥೆಗೆ ಲಕ್ಷಗಟ್ಟಲೆ ನಷ್ಟವಾಗುತ್ತದೆ, ಮೇಲಿನಿಂದ ಫೋನ್ ಬರಬಹುದು. ಅಂಥ ಹೊತ್ತಿನಲ್ಲಿ ಅವರು ಕದಲದೆ ಇರಬೇಕಾದರೆ ಅವರ ಬೆನ್ನಿಗೆ ಕಾನೂನು, ಸಾಕಷ್ಟು ಸಹೋದ್ಯೋಗಿಗಳು, ನಿರಂತರ ತರಬೇತಿ ಮತ್ತು ಸಮಾಜದ ಗೌರವ ನಿಲ್ಲಬೇಕು. ಖಾಲಿ ಇರುವ ಹುದ್ದೆಗಳನ್ನು ತುಂಬುವುದು ಸರ್ಕಾರದ ಕೆಲಸ. ಹೊಸ ವಿಮಾನ ನಿಲ್ದಾಣ ಬೇಕೆಂದು ಒತ್ತಾಯಿಸುವ ನಾವು, ಅಲ್ಲಿ ಇಳಿಯುವ ವಿಮಾನವನ್ನು ಪರೀಕ್ಷಿಸುವ ಅಧಿಕಾರಿಗಳು ಬೇಕೆಂದೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.